ಕಲ್ಲಿಲ್ಲದ ವೀರ: ಏರ್ ಕಮೊಡೋರ್ ರಮೇಶ್ ಸಖಾರಾಮ್ ಬೆನಗಲ್ ಅವರ ವೃತ್ತಿಜೀವನ – ಒಂದು ಜಾನಪದೀಯ ನೋಟ

೧. ಪೀಠಿಕೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಊರುಗಳಲ್ಲಿ ತಿರುಗಾಡಿದವರಿಗೆ ಗುಡಿಯ ಮಗ್ಗುಲಲ್ಲೋ, ಕೆರೆಯ ಏರಿಯ ಮೇಲೋ, ಹೊಲದ ಬದುವಿನಲ್ಲೋ ವೀರಗಲ್ಲುಗಳು ಎದುರಾಗುತ್ತವೆ. ೨೦೨೧ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದ ಈ ಪ್ರದೇಶವು ಚಾಲುಕ್ಯರ ಕಾಲದಿಂದ ಪಾಳೆಯಗಾರರ ಕಾಲದವರೆಗೆ ಕಾದಾಟಗಳನ್ನು ಕಂಡ ನೆಲ. ಬಾಗಳಿ, ಕುರುವತ್ತಿ, ಅಂಬಳಿಯ ದೇವಾಲಯಗಳನ್ನು ಕಟ್ಟಿಸಿದವರ ಹೆಸರು ಶಾಸನಗಳಲ್ಲಿ ಉಳಿದಂತೆಯೇ, ದನ ಕಾಯಲು ಹೋಗಿ ಸತ್ತ ಸಾಮಾನ್ಯನ ನೆನಪೂ ಕಲ್ಲಿನಲ್ಲಿ ಉಳಿದಿದೆ. ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಎಂಬ ಹೆಸರುಗಳಿಂದ ನಮ್ಮ ಶಾಸನಗಳು ಗುರುತಿಸುವ ಈ ಕಾದಾಟಗಳಲ್ಲಿ ಮಡಿದವನಿಗೆ ಸಮುದಾಯವು ಸಲ್ಲಿಸಿದ ಗೌರವವೇ ವೀರಗಲ್ಲು.

ವೀರಗಲ್ಲಿನ ರಚನೆ ಎಲ್ಲರಿಗೂ ಪರಿಚಿತವಾದುದು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಎತ್ತಿ ಆಕಾಶಮಾರ್ಗವಾಗಿ ಒಯ್ಯುವ ದೃಶ್ಯ. ಮೇಲಿನ ಪಟ್ಟಿಕೆಯಲ್ಲಿ ಶಿವಸಾನ್ನಿಧ್ಯ. ವೀರನು ಆಕಾಶಕ್ಕೇರುವುದು ಸತ್ತ ಬಳಿಕ ಎಂಬುದು ಈ ರಚನೆಯ ಒಳಗಿರುವ ನಂಬಿಕೆ. ಹಾಗಾದರೆ ಬದುಕಿರುವಾಗಲೇ ಆಕಾಶಕ್ಕೇರಿ, ಯುದ್ಧ ಮಾಡಿ, ಬದುಕಿಯೇ ಇಳಿದು ಬಂದು, ಉನ್ನತ ಪದವಿಗೇರಿ ನಿವೃತ್ತನಾದವನನ್ನು ನಮ್ಮ ಸ್ಮರಣೆಯ ಪರಂಪರೆ ಎಲ್ಲಿ ಇರಿಸಬೇಕು? ಇಪ್ಪತ್ತನೆಯ ಶತಮಾನದ ಯುದ್ಧಗಳು ಜಾನಪದ ವಿದ್ವಾಂಸರ ಮುಂದೆ ಇಟ್ಟಿರುವ ಪ್ರಶ್ನೆ ಇದು. ಬಾಂಬರ್ ವಿಮಾನದ ಚಾಲಕರಾಗಿದ್ದು ವಾಯುಪಡೆಯ ಉನ್ನತಾಧಿಕಾರಿಯಾದ ರಮೇಶ್ ಸಖಾರಾಮ್ ಬೆನಗಲ್ ಅವರ ವೃತ್ತಿಜೀವನವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಬೆನಗಲ್ ಅವರು ನಮ್ಮ ಸೀಮೆಯವರಲ್ಲ. ಆದರೆ ಸ್ಮರಣೆಗೆ ಹುಟ್ಟೂರಿನ ಎಲ್ಲೆಯೊಂದೇ ಆಧಾರವಲ್ಲವೆಂಬುದಕ್ಕೆ ಕೂಡ್ಲಿಗಿಯೇ ಸಾಕ್ಷಿ. ದೂರದ ದೆಹಲಿಯಲ್ಲಿ ಮಡಿದ ಗಾಂಧೀಜಿಯವರ ಚಿತಾಭಸ್ಮವನ್ನು ತನ್ನ ಹುತಾತ್ಮರ ಸ್ಮಾರಕದಲ್ಲಿ ಇರಿಸಿಕೊಂಡ ಊರು ಇದು. ತಾನು ಕಣ್ಣಾರೆ ಕಾಣದ ಬದುಕನ್ನೂ ಒಂದು ಊರು ತನ್ನದಾಗಿಸಿಕೊಳ್ಳಬಲ್ಲದು.

೨. ಮನೆತನ ಮತ್ತು ವಲಸೆ

‘ಬೆನಗಲ್’ ಎಂಬುದು ಉಡುಪಿ ಸೀಮೆಯ ಊರೊಂದರ ಹೆಸರು. ಊರಿನ ಹೆಸರನ್ನೇ ಮನೆತನದ ಹೆಸರಾಗಿ ಧರಿಸುವುದು ಕರಾವಳಿಯ ಸಾರಸ್ವತ ಕುಟುಂಬಗಳಲ್ಲಿ ರೂಢಿ. ಮನೆಯಲ್ಲಿ ಕೊಂಕಣಿ, ಶಾಲೆ ಕಚೇರಿಗಳಲ್ಲಿ ಕನ್ನಡ, ಮುಂದೆ ಇಂಗ್ಲಿಷು – ಹೀಗೆ ಮೂರು ಭಾಷೆಗಳ ನಡುವೆ ಬೆಳೆದ ಈ ಸಮುದಾಯದ ಅನೇಕರು ಬ್ರಿಟಿಷರ ಆಳ್ವಿಕೆಯಲ್ಲಿ ಉದ್ಯೋಗವನ್ನು ಅರಸಿ ಮದ್ರಾಸು, ಮುಂಬಯಿಗಳಿಗೆ ಹೋದರು. ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಅವರ ಹೆಸರಿನಲ್ಲಿರುವುದೂ ಇದೇ ಊರು. ಮನೆಯವರು ಊರು ಬಿಟ್ಟು ಎಷ್ಟೇ ದೂರ ಹೋದರೂ ಊರು ಅವರ ಹೆಸರನ್ನು ಬಿಡಲಿಲ್ಲ.

ರಮೇಶ್ ಬೆನಗಲ್ ಹುಟ್ಟಿದ್ದು ೧೯೨೬ರಲ್ಲಿ, ಬರ್ಮಾದ ರಂಗೂನಿನಲ್ಲಿ. ೧೯೩೭ರವರೆಗೆ ಬರ್ಮಾ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತವಾಗಿತ್ತು. ರಂಗೂನಿನಲ್ಲಿ ಭಾರತೀಯರ ಸಂಖ್ಯೆ ಬಹು ದೊಡ್ಡದಾಗಿತ್ತು. ಬಂದರಿನ ಕೂಲಿಗಳಿಂದ ಹಿಡಿದು ಗುಮಾಸ್ತರು, ವೈದ್ಯರು, ವ್ಯಾಪಾರಿಗಳವರೆಗೆ ಎಲ್ಲ ಸ್ತರದವರೂ ಅಲ್ಲಿದ್ದರು. ೧೯೪೧ರ ಡಿಸೆಂಬರ್ ೨೩ರಂದು ಜಪಾನಿನ ವಿಮಾನಗಳು ರಂಗೂನಿನ ಮೇಲೆ ಬಾಂಬು ಸುರಿದವು. ೧೯೪೨ರ ಮಾರ್ಚ್ ತಿಂಗಳಲ್ಲಿ ನಗರವು ಜಪಾನೀಯರ ವಶವಾಯಿತು. ಲಕ್ಷಾಂತರ ಭಾರತೀಯರು ಹಡಗುಗಳಲ್ಲಿ, ಅದಕ್ಕೂ ಹೆಚ್ಚಾಗಿ ಕಾಲ್ನಡಿಗೆಯಲ್ಲಿ, ಕಾಡು ಬೆಟ್ಟಗಳನ್ನು ದಾಟಿ ಭಾರತದ ಕಡೆಗೆ ಹೊರಟರು. ದಾರಿಯಲ್ಲಿ ಸತ್ತವರು ಅಸಂಖ್ಯ. ಉಳಿದವರು ಜಪಾನೀ ಆಡಳಿತದ ಕೆಳಗೆ ಬದುಕು ಸಾಗಿಸಬೇಕಾಯಿತು. ಮುಂದೆ ಬಾಂಬರ್ ವಿಮಾನವನ್ನು ನಡೆಸಬೇಕಾಗಿದ್ದ ವ್ಯಕ್ತಿ ಹುಟ್ಟಿದ ನಗರವು ಬಾಂಬಿನ ಬೆಂಕಿಯನ್ನು ಮೊದಲು ಕಂಡದ್ದು ನೆಲದ ಮೇಲಿನಿಂದ ಎಂಬುದನ್ನು ಇಲ್ಲಿ ಗಮನಿಸಬೇಕು.

೩. ಟೋಕಿಯೊ ಕೆಡೆಟ್

೧೯೪೩ರ ಜುಲೈಯಲ್ಲಿ ಸುಭಾಷ್‌ಚಂದ್ರ ಬೋಸರು ಸಿಂಗಪುರಕ್ಕೆ ಬಂದು ಆಜಾದ್ ಹಿಂದ್ ಫೌಜಿನ ನೇತೃತ್ವವನ್ನು ವಹಿಸಿಕೊಂಡರು. ಅಕ್ಟೋಬರ್ ೨೧ರಂದು ಆಜಾದ್ ಹಿಂದ್ ಸರ್ಕಾರದ ಘೋಷಣೆಯಾಯಿತು. ೧೯೪೪ರ ಆರಂಭದಲ್ಲಿ ಆ ಸರ್ಕಾರದ ಕೇಂದ್ರವು ರಂಗೂನಿಗೆ ಬಂದಿತು. ಮುಂದಿನ ಸ್ವತಂತ್ರ ಭಾರತಕ್ಕೆ ತನ್ನದೇ ಆದ ತರಬೇತಾದ ಅಧಿಕಾರಿಗಳು ಬೇಕೆಂಬ ದೂರದೃಷ್ಟಿಯಿಂದ ನೇತಾಜಿಯವರು ಆಗ್ನೇಯ ಏಷ್ಯದ ಭಾರತೀಯ ಕುಟುಂಬಗಳ ನಲವತ್ತಕ್ಕೂ ಹೆಚ್ಚು ತರುಣರನ್ನು ಆರಿಸಿ ಜಪಾನಿನ ಸೈನಿಕ ಶಾಲೆಗಳಿಗೆ ಕಳುಹಿಸಿದರು. ‘ಟೋಕಿಯೊ ಕೆಡೆಟ್‌’ಗಳೆಂದು ಹೆಸರಾದ ಇವರಲ್ಲಿ ಕೆಲವರು ಭೂಸೇನೆಯ ಶಿಕ್ಷಣಕ್ಕೂ ಕೆಲವರು ವಿಮಾನ ಚಾಲನೆಯ ಶಿಕ್ಷಣಕ್ಕೂ ನಿಯುಕ್ತರಾದರು. ಹದಿಹರೆಯದ ಬೆನಗಲ್ ಎರಡನೆಯ ಗುಂಪಿಗೆ ಸೇರಿದವರು.

ತಿಳಿಯದ ಭಾಷೆಯಲ್ಲಿ ಪಾಠ, ಕಠಿಣ ಶಿಸ್ತು, ಚಳಿ, ಯುದ್ಧಕಾಲದ ಅರೆಹೊಟ್ಟೆಯ ಊಟ – ಇವುಗಳ ನಡುವೆ ಈ ತರುಣರ ತರಬೇತಿ ಸಾಗಿತು. ಅವರು ಜಪಾನಿನಲ್ಲಿದ್ದ ಅವಧಿಯಲ್ಲಿಯೇ, ೧೯೪೫ರ ಮಾರ್ಚ್ ೯-೧೦ರ ರಾತ್ರಿ ಅಮೆರಿಕದ ಬಾಂಬರ್‌ಗಳು ಟೋಕಿಯೊ ನಗರದ ದೊಡ್ಡ ಭಾಗವೊಂದನ್ನು ಸುಟ್ಟವು. ಆಗಸ್ಟ್ ತಿಂಗಳಲ್ಲಿ ಹಿರೋಷಿಮಾ ಮತ್ತು ನಾಗಸಾಕಿಗಳು ನಾಶವಾದವು, ಜಪಾನು ಶರಣಾಯಿತು. ಕೆಡೆಟ್‌ಗಳ ಶಿಕ್ಷಣ ಅಲ್ಲಿಗೇ ಮುಗಿಯಿತು. ಯುದ್ಧಾನಂತರದ ಬಂಧನದ ಬಳಿಕ ಅವರು ಬಿಡುಗಡೆ ಹೊಂದಿ ಭಾರತದಲ್ಲಿ ಹೊಸ ಬದುಕನ್ನು ಆರಂಭಿಸಬೇಕಾಯಿತು.

ಬ್ರಿಟಿಷ್ ಇಂಡಿಯಾದ ಸೇನೆಯನ್ನು ತೊರೆದು ಆಜಾದ್ ಹಿಂದ್ ಫೌಜನ್ನು ಸೇರಿದ್ದ ಸೈನಿಕರನ್ನು ಸ್ವತಂತ್ರ ಭಾರತದ ಸೇನೆಯು ಮರಳಿ ತೆಗೆದುಕೊಳ್ಳಲಿಲ್ಲ. ಬೆನಗಲ್ ಅವರಂಥ ತರುಣರ ಸ್ಥಿತಿ ಭಿನ್ನವಾಗಿತ್ತು. ಅವರು ನಾಗರಿಕ ಕುಟುಂಬಗಳಿಂದ ನೇರವಾಗಿ ಬಂದವರು. ಮುರಿಯಲು ಅವರಿಗೆ ಹಳೆಯ ಪ್ರತಿಜ್ಞೆಯೇನೂ ಇರಲಿಲ್ಲ. ಸ್ವಾತಂತ್ರ್ಯಾನಂತರ ಬೆನಗಲ್ ಭಾರತೀಯ ವಾಯುಪಡೆಯನ್ನು ಸೇರಿದರು. ಬ್ರಿಟಿಷರ ವಿರುದ್ಧ ಹೋರಾಡಲೆಂದು ಜಪಾನಿನಲ್ಲಿ ಹಾರಲು ಹೊರಟಿದ್ದ ಹುಡುಗನು ಬ್ರಿಟಿಷರ ಸಂಪ್ರದಾಯದಲ್ಲಿ ರೂಪುಗೊಂಡ ವಾಯುಪಡೆಯ ಸಮವಸ್ತ್ರವನ್ನು ತೊಟ್ಟನು. ದೇಶಭಕ್ತಿ ಒಂದೇ ಆಗಿದ್ದರೂ ಅದನ್ನು ದಾಖಲಿಸುವ ಕಡತಗಳು ಎರಡಾದವು. ಒಂದರಲ್ಲಿ ಬೆನಗಲ್ ನೇತಾಜಿಯ ಕೆಡೆಟ್. ಇನ್ನೊಂದರಲ್ಲಿ ವಾಯುಪಡೆಯ ಅಧಿಕಾರಿ.

೪. ಬಾಂಬರ್ ವಿಮಾನ ಮತ್ತು ಕನ್ನಡ ನೆಲ

ಭಾರತೀಯ ವಾಯುಪಡೆಯ ಬಾಂಬರ್‌ಗಳ ಕಥೆಗೂ ಕನ್ನಡ ನೆಲಕ್ಕೂ ಹತ್ತಿರದ ನಂಟಿದೆ. ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಯುದ್ಧಕಾಲದಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳ ದುರಸ್ತಿಕೇಂದ್ರವಾಯಿತು. ಯುದ್ಧ ಮುಗಿದಾಗ ಬ್ರಿಟಿಷರು ಕಾನ್ಪುರದಲ್ಲಿ ಲಿಬರೇಟರ್ ಎಂಬ ನಾಲ್ಕು ಎಂಜಿನಿನ ಭಾರಿ ಬಾಂಬರ್‌ಗಳನ್ನು, ಮತ್ತೆ ಹಾರದಂತೆ ಕೆಡಿಸಿ, ಗುಜರಿಯಾಗಿ ಬಿಟ್ಟು ಹೋದರು. ಅವುಗಳನ್ನು ಹಾರುವಷ್ಟರಮಟ್ಟಿಗೆ ಸರಿಪಡಿಸಿ ಬೆಂಗಳೂರಿಗೆ ತಂದು, ಇಲ್ಲಿನ ಕೆಲಸಗಾರರು ಪೂರ್ಣವಾಗಿ ದುರಸ್ತಿ ಮಾಡಿದರು. ೧೯೪೮ರ ನವೆಂಬರಿನಲ್ಲಿ ಈ ವಿಮಾನಗಳೊಂದಿಗೆ ೫ನೆಯ ಸ್ಕ್ವಾಡ್ರನ್ ರಚನೆಯಾಯಿತು. ಬ್ರಿಟಿಷರು ಹಾರಲಾರದೆಂದು ಬಿಟ್ಟುಹೋದ ವಿಮಾನಗಳೇ ಸ್ವತಂತ್ರ ಭಾರತದ ಮೊದಲ ಭಾರಿ ಬಾಂಬರ್‌ಗಳಾದವು.

೧೯೫೭ರಿಂದ ಇವುಗಳ ಸ್ಥಾನಕ್ಕೆ ಕ್ಯಾನ್‌ಬೆರಾ ಎಂಬ ಜೆಟ್ ಬಾಂಬರ್ ಬಂದಿತು. ಎರಡು ಎಂಜಿನುಗಳ ಈ ವಿಮಾನ ೧೯೪೯ರ ಮೇ ೧೩ರಂದು ಇಂಗ್ಲೆಂಡಿನಲ್ಲಿ ಮೊದಲು ಹಾರಿತ್ತು. ಭಾರತವು ಮೊದಲ ಒಪ್ಪಂದದಲ್ಲಿ ೫೪ ಬಾಂಬರ್‌ಗಳನ್ನೂ ೮ ಛಾಯಾಚಿತ್ರ ವಿಚಕ್ಷಣೆಯ ವಿಮಾನಗಳನ್ನೂ ೬ ತರಬೇತಿ ವಿಮಾನಗಳನ್ನೂ ಕೊಂಡಿತು. ೧೯೬೧ರಲ್ಲಿ ಆರು ಕ್ಯಾನ್‌ಬೆರಾಗಳು ವಿಶ್ವಸಂಸ್ಥೆಯ ಪರವಾಗಿ ಕಾಂಗೋಗೆ ಹೋದವು. ಅದೇ ವರ್ಷದ ಡಿಸೆಂಬರ್ ೧೮ರಂದು ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ ೧೨ ಕ್ಯಾನ್‌ಬೆರಾಗಳು ಪುಣೆಯಿಂದ ಬಂದು ದಾಬೋಲಿಮ್ ವಿಮಾನನಿಲ್ದಾಣದ ಓಡುದಾರಿಯ ಮೇಲೆ ಬಾಂಬು ಹಾಕಿದವು. ಬೆಳಗಾವಿಯ ಸಾಂಬ್ರಾ ನೆಲೆಯಿಂದ ಹೊರಟ ಹಂಟರ್ ವಿಮಾನಗಳು ಬಾಂಬೋಲಿಮ್‌ನ ನಿಸ್ತಂತು ಕೇಂದ್ರವನ್ನು ಹೊಡೆದವು. ೧೯೬೫ ಮತ್ತು ೧೯೭೧ರ ಎರಡು ಯುದ್ಧಗಳಲ್ಲಿಯೂ ಮಹಾವೀರ ಚಕ್ರವನ್ನು ಪಡೆದ ಪದ್ಮನಾಭ ಗೌತಮ್ ಅವರು ಕ್ಯಾನ್‌ಬೆರಾ ಚಾಲಕರಲ್ಲಿ ಅಗ್ರಗಣ್ಯರು. ಅವರು ೧೯೭೨ರ ನವೆಂಬರಿನಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡರು. ಐವತ್ತು ವರ್ಷಗಳ ಸೇವೆಯ ಬಳಿಕ, ೨೦೦೭ರ ಮೇ ತಿಂಗಳಲ್ಲಿ ಕ್ಯಾನ್‌ಬೆರಾ ನಮ್ಮ ವಾಯುಪಡೆಯಿಂದ ನಿವೃತ್ತವಾಯಿತು.

೫. ಆಯುಧವಿಲ್ಲದ ಹಾರಾಟ

ಬೆನಗಲ್ ಅವರ ಹೆಸರು ಸೇರಿಕೊಂಡಿರುವುದು ೧೦೬ನೆಯ ಸ್ಕ್ವಾಡ್ರನ್ನಿನ ಜೊತೆಗೆ. ಆಗ್ರಾದಲ್ಲಿ ನೆಲೆಯಿದ್ದ ಈ ದಳಕ್ಕೆ ಕ್ಯಾನ್‌ಬೆರಾದ ಛಾಯಾಚಿತ್ರ ವಿಚಕ್ಷಣೆಯ ರೂಪವನ್ನು ಒಪ್ಪಿಸಲಾಗಿತ್ತು. ವಿಮಾನದ ಮೈಕಟ್ಟು ಬಾಂಬರಿನದೇ. ಆದರೆ ಅದರಲ್ಲಿ ತೋಪು ಇಲ್ಲ, ಬಾಂಬು ಇಲ್ಲ, ಇರುವುದು ಕ್ಯಾಮೆರಾಗಳು. ಚಾಲಕ ಮತ್ತು ಮಾರ್ಗದರ್ಶಕ ಎಂಬ ಇಬ್ಬರೇ ಒಳಗೆ. ವೇಗ ಮತ್ತು ಎತ್ತರಗಳೇ ಅವರ ಕವಚ.

ಈ ಕೆಲಸದ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಬಾಂಬು ಹಾಕುವವನು ಗುರಿಯ ಮೇಲೆ ಬಂದು ಭಾರವನ್ನು ಇಳಿಸಿ ಕೂಡಲೇ ತಿರುಗಬಹುದು. ಚಿತ್ರ ತೆಗೆಯುವವನಿಗೆ ಆ ಸ್ವಾತಂತ್ರ್ಯವಿಲ್ಲ. ಒಂದು ಚಿತ್ರವು ಮುಂದಿನ ಚಿತ್ರದೊಂದಿಗೆ ಅರ್ಧಕ್ಕಿಂತ ಹೆಚ್ಚು ಭಾಗ ಒಂದರ ಮೇಲೊಂದು ಬರುವಂತೆ ತೆಗೆದರೆ ಮಾತ್ರ, ಎರಡನ್ನೂ ಜೋಡಿಗನ್ನಡಿಯಲ್ಲಿ ನೋಡಿ ಕಟ್ಟಡದ ಎತ್ತರವನ್ನೂ ಗುಂಡಿಯ ಆಳವನ್ನೂ ಅಳೆಯಲು ಸಾಧ್ಯ. ಆದುದರಿಂದ ಶತ್ರುವಿನ ನೆತ್ತಿಯ ಮೇಲೆ ನೇಗಿಲಸಾಲಿನಂತೆ ನೆಟ್ಟಗೆ, ಒಂದೇ ಎತ್ತರದಲ್ಲಿ, ಒಂದೇ ವೇಗದಲ್ಲಿ ಹಾರಬೇಕು. ನೆಲದ ತೋಪುಗಳಿಗೆ ಇದಕ್ಕಿಂತ ಸುಲಭದ ಗುರಿ ಬೇರೆ ಸಿಗದು. ಹಿಂತಿರುಗಿ ಬಂದು ಸುರುಳಿಯನ್ನು ಒಪ್ಪಿಸಿದಾಗಲೇ ಕೆಲಸ ಮುಗಿಯುವುದು. ಶತ್ರುವನ್ನು ಹೊಡೆದು ಸತ್ತವನು ವೀರನೆಂದು ಹಾಡುವ ಪರಂಪರೆಗೆ, ಮರಳಿ ಬಾರದಿದ್ದರೆ ಹೋದದ್ದೇ ವ್ಯರ್ಥವಾಗುವ ಈ ಕಾಯಕ ಹೊಸತು.

ಇದರ ಅಪಾಯವೂ ಕಲ್ಪಿತವಾದುದಲ್ಲ. ೧೯೫೯ರ ಏಪ್ರಿಲ್ ೧೦ರಂದು ಇದೇ ದಳದ ಕ್ಯಾನ್‌ಬೆರಾವೊಂದನ್ನು ಪಾಕಿಸ್ತಾನದ ಯುದ್ಧವಿಮಾನವು ರಾವಲ್ಪಿಂಡಿಯ ಬಳಿ ಹೊಡೆದುರುಳಿಸಿತು; ಒಳಗಿದ್ದ ಇಬ್ಬರೂ ಜಿಗಿದು ಸೆರೆಯಾದರು. ಇದೇ ದಳದ ಜಗಮೋಹನ್ ನಾಥ್ ಅವರು ಟಿಬೆಟ್ ಮತ್ತು ಅಕ್ಸಾಯ್ ಚಿನ್ ಪ್ರದೇಶಗಳ ಮೇಲೆ ಹಾರಿ ತಂದ ಚಿತ್ರಗಳು ಚೀನೀ ಸೈನ್ಯದ ಜಮಾವಣೆಯನ್ನು ತೋರಿಸಿದ್ದವು. ಅವರಿಗೂ ಮಹಾವೀರ ಚಕ್ರ ಎರಡು ಬಾರಿ ದೊರೆಯಿತು.

೧೯೭೧ರ ಡಿಸೆಂಬರ್ ೩ರ ಸಂಜೆ ಪಾಕಿಸ್ತಾನದ ವಿಮಾನಗಳು ಪಶ್ಚಿಮದ ನಮ್ಮ ವಾಯುನೆಲೆಗಳ ಮೇಲೆ ಎರಗಿದವು. ಅದೇ ರಾತ್ರಿ ನಮ್ಮ ಬಾಂಬರ್‌ಗಳು ಗಡಿಯನ್ನು ದಾಟಿದವು. ಆಗ ವಿಂಗ್ ಕಮಾಂಡರ್ ಆಗಿದ್ದ ಬೆನಗಲ್ ೧೦೬ನೆಯ ಸ್ಕ್ವಾಡ್ರನ್ನಿನ ನಾಯಕರು. ಬಾಂಬರ್‌ಗಳು ಎಲ್ಲಿಗೆ ಹೋಗಬೇಕು, ಹೋಗಿ ಬಂದ ಮೇಲೆ ಶತ್ರುವಿಗೆ ಆದ ಹಾನಿ ಎಷ್ಟು ಎಂಬ ಎರಡು ಪ್ರಶ್ನೆಗಳಿಗೂ ಇಂಥ ವಿಚಕ್ಷಣ ದಳದ ಚಿತ್ರಗಳೇ ಉತ್ತರ. ಭದ್ರವಾದ ರಕ್ಷಣೆಯಿದ್ದ ಶತ್ರುನೆಲೆಗಳ ಮೇಲೆ ನಿರಾಯುಧ ವಿಮಾನದಲ್ಲಿ ಅನೇಕ ಬಾರಿ ಹಾರಿ ಮಹತ್ವದ ಮಾಹಿತಿಯನ್ನು ತಂದುದಕ್ಕಾಗಿ ಬೆನಗಲ್ ಅವರಿಗೆ ಮಹಾವೀರ ಚಕ್ರವನ್ನು ನೀಡಲಾಯಿತು. ದಳದ ನಾಯಕನು ನೆಲದಲ್ಲಿ ಕುಳಿತು ಕಿರಿಯರನ್ನು ಕಳುಹಿಸದೆ ತಾನೇ ಹಾರಿದನೆಂಬುದು ಇಲ್ಲಿನ ವಿಶೇಷ. ಮುಂದೆ ಅತಿ ವಿಶಿಷ್ಟ ಸೇವಾ ಪದಕವೂ ಅವರಿಗೆ ಸಂದಿತು. ಅವರು ಏರ್ ಕಮೊಡೋರ್ ಹುದ್ದೆಗೇರಿದರು. ನಮ್ಮ ವಾಯುಪಡೆಯಲ್ಲಿ ‘ಜನರಲ್’ ಎಂಬ ಹೆಸರಿನ ಪದವಿಯಿಲ್ಲ. ಏರ್ ಕಮೊಡೋರ್ ಎಂಬುದು ಭೂಸೇನೆಯ ಬ್ರಿಗೇಡಿಯರ್‌ಗೆ ಸಮಾನವಾದುದು. ಹಲವು ದೇಶಗಳ ಸೇನೆಗಳಲ್ಲಿ ಜನರಲ್‌ಗಳ ಸಾಲಿನ ಮೊದಲ ಮೆಟ್ಟಿಲೆಂದು ಎಣಿಸಲ್ಪಡುವುದು. ೨೦೦೩ರಲ್ಲಿ ಅವರು ನಿಧನರಾದರು.

೬. ಪ್ರಶಸ್ತಿಪತ್ರ, ವೀರಶಾಸನ ಮತ್ತು ಸಾಕ್ಷಿ

ಶೌರ್ಯಪದಕದ ಪ್ರಶಸ್ತಿಪತ್ರವನ್ನೂ ವೀರಗಲ್ಲಿನ ಶಾಸನವನ್ನೂ ಒಟ್ಟಿಗಿಟ್ಟು ನೋಡಿದರೆ ಎರಡರ ಬಂಧದಲ್ಲಿ ಆಶ್ಚರ್ಯಕರ ಸಾಮ್ಯ ಕಾಣುತ್ತದೆ. ಒಡೆಯನ ಅಥವಾ ದಳದ ಹೆಸರು, ಕಾಲ, ಶತ್ರು, ವೀರನ ಹೆಸರು, ಅವನು ಮಾಡಿದ ಕಾರ್ಯ, ಅದಕ್ಕೆ ಸಂದ ಗೌರವ – ಈ ಕ್ರಮ ಎರಡರಲ್ಲಿಯೂ ಇದೆ. ಅಂದು ಬಾಳ್ಗಳ್ಚು, ನೆತ್ತರುಗೊಡಗೆ ಎಂಬ ಭೂದಾನಗಳು. ಇಂದು ಪದಕ ಮತ್ತು ಗೌರವಧನ. ಭೇದವಿರುವುದು ಎರಡು ಅಂಶಗಳಲ್ಲಿ. ಮೊದಲನೆಯದಾಗಿ, ವೀರಗಲ್ಲು ಸಾಮಾನ್ಯವಾಗಿ ಮಡಿದವನಿಗೆ. ಪದಕವು ಬದುಕಿದವನಿಗೂ ಉಂಟು. ಎರಡನೆಯದಾಗಿ, ವೀರಗಲ್ಲನ್ನು ನೆಟ್ಟವರು ಆ ಕಾದಾಟವನ್ನು ಕಂಡವರು ಅಥವಾ ಕಂಡವರಿಂದ ಕೇಳಿದವರು. ಅತಕೂರಿನ ಹತ್ತನೆಯ ಶತಮಾನದ ಶಾಸನಗಲ್ಲಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ನಾಯಿಗೂ ಸ್ಮರಣೆ ಸಂದಿದೆ; ನೋಡಿದ ಕಣ್ಣುಗಳಿದ್ದುದರಿಂದಲೇ ಅದು ಸಾಧ್ಯವಾಯಿತು.

ಆಕಾಶಯುದ್ಧದಲ್ಲಿ ಊರಿನ ಕಣ್ಣಿಲ್ಲ. ಕೊಡಗಿನ ಅಜ್ಜಮಾಡ ದೇವಯ್ಯನವರ ಪ್ರಸಂಗ ಇದಕ್ಕೆ ನಿದರ್ಶನ. ೧೯೬೫ರ ಸೆಪ್ಟೆಂಬರ್ ೭ರಂದು ಸರಗೋಧಾದ ಮೇಲಿನ ದಾಳಿಗೆ ಹೋದ ಅವರು ಮರಳಲಿಲ್ಲ. ತಮ್ಮ ವಿಮಾನಕ್ಕಿಂತ ವೇಗವಾದ ಸ್ಟಾರ್‌ಫೈಟರ್ ಒಂದನ್ನು ಅವರು ಉರುಳಿಸಿದ್ದರೆಂಬ ಸಂಗತಿ ಬೆಳಕಿಗೆ ಬಂದದ್ದು ಪಾಕಿಸ್ತಾನದ ಕಡೆಯ ಕಥನವನ್ನು ಬರೆದ ಬ್ರಿಟಿಷ್ ಲೇಖಕರೊಬ್ಬರ ೧೯೭೯ರ ಪುಸ್ತಕದಿಂದ. ಮರಣೋತ್ತರ ಮಹಾವೀರ ಚಕ್ರ ಬಂದದ್ದು ೧೯೮೮ರಲ್ಲಿ. ಶತ್ರುವೇ ಸಾಕ್ಷಿಯಾಗಿ ಪದಕ ಬರುವವರೆಗೆ ಈ ವೀರನು ಇಪ್ಪತ್ತಮೂರು ವರ್ಷ ಕಾಯಬೇಕಾಯಿತು. ಇಂದು ಮಡಿಕೇರಿಯಲ್ಲಿ ಅವರ ಪ್ರತಿಮೆ ನಿಂತಿದೆ. ಮಡಿದವನಿಗೆ ಕಲ್ಲು ಎಂಬ ಪರಂಪರೆಯ ನಿಯಮ ತಡವಾಗಿಯಾದರೂ ನಡೆದಿದೆ ಎನ್ನಬಹುದು.

ಬೆನಗಲ್ ಅವರದು ಇದಕ್ಕೆ ತೀರ ಭಿನ್ನವಾದ ಸ್ಥಿತಿ. ಅವರ ಕಾರ್ಯಕ್ಕೆ ಸಾಕ್ಷಿಯಾದುದು ಅವರೇ ತಂದ ಚಿತ್ರ. ಆ ಚಿತ್ರ ಗುಪ್ತ ಕಡತಕ್ಕೆ ಸೇರುವಂಥದು. ಜನರ ನಾಲಿಗೆಗೆ ಬರುವಂಥದಲ್ಲ. ಕುಮಾರರಾಮನ ಕಥೆಯನ್ನು, ಹಲಗಲಿಯ ಬೇಡರ ದಂಗೆಯನ್ನು, ಸಂಗೊಳ್ಳಿ ರಾಯಣ್ಣನನ್ನು ನಮ್ಮ ಹಾಡುಗಾರರು ತಲೆಮಾರುಗಳಿಂದ ಹಾಡಿದ್ದಾರೆ. ಈ ಮೂರರಲ್ಲಿಯೂ ಕಣ್ಣಿಗೆ ಕಾಣುವ ಶತ್ರುವಿದ್ದಾನೆ, ಮೋಸವಿದೆ, ಸಾವಿದೆ. ಸಾವಿಲ್ಲದ, ಎದುರಾಳಿಯ ಮುಖವೇ ಕಾಣದ, ಬಡ್ತಿ ಮತ್ತು ನಿವೃತ್ತಿಯಲ್ಲಿ ಮುಗಿಯುವ ಕಥೆಯನ್ನು ಲಾವಣಿಯ ಹಂದರವು ಹಿಡಿಯಲಾರದು. ಇದು ಹಾಡುಗಾರರ ಕೊರತೆಯಲ್ಲ. ಯುದ್ಧದ ಸ್ವರೂಪವೇ ಬದಲಾದುದರ ಪರಿಣಾಮ.

ಇಲ್ಲಿ ಇನ್ನೊಂದು ಸಂಗತಿ ವಿಚಾರಾರ್ಹವಾಗಿದೆ. ಬೆನಗಲ್ ತಮ್ಮ ನೆನಪುಗಳನ್ನು ತಾವೇ ಬರೆದಿಟ್ಟರು. ಅವರ ಮರಣಾನಂತರ ಪ್ರಕಟವಾದ ಆ ಇಂಗ್ಲಿಷ್ ಗ್ರಂಥದ ಶೀರ್ಷಿಕೆಯೇ ಹೇಳುವಂತೆ ಅದರ ವಸ್ತು ಬರ್ಮಾದಿಂದ ಜಪಾನಿನವರೆಗೆ, ೧೯೪೧ರಿಂದ ೧೯೪೫ರವರೆಗಿನ ಕಾಲ. ದೇಶದ ಎರಡನೆಯ ಅತ್ಯುನ್ನತ ಯುದ್ಧಪದಕವನ್ನು ಪಡೆದ ಅಧಿಕಾರಿಯು ಲೋಕಕ್ಕೆ ಹೇಳಲು ಆರಿಸಿಕೊಂಡದ್ದು ಪದಕ ತಂದ ಯುದ್ಧವನ್ನಲ್ಲ; ಸೋತ ಸೈನ್ಯವೊಂದರ ಕೆಡೆಟ್ ಆಗಿದ್ದ ತನ್ನ ಹದಿಹರೆಯವನ್ನು. ೧೯೭೧ರ ಕಾರ್ಯಕ್ಕೆ ಪ್ರಶಸ್ತಿಪತ್ರವಿತ್ತು, ಸರ್ಕಾರದ ಮುದ್ರೆಯಿತ್ತು. ಟೋಕಿಯೊ ಕೆಡೆಟ್‌ಗಳಿಗೆ ಅಂಥದ್ದೇನೂ ಇರಲಿಲ್ಲ. ಯಾವುದನ್ನು ರಾಜ್ಯವು ಬರೆದಿಡಲಿಲ್ಲವೋ ಅದನ್ನು ತಾನು ಹೇಳಬೇಕೆಂಬ ಒತ್ತಡವು ನಮ್ಮ ಕಥನಕಾರರೆಲ್ಲರ ಮೂಲಪ್ರೇರಣೆ. ಈ ಅರ್ಥದಲ್ಲಿ ಆ ಗ್ರಂಥವು ಬೆನಗಲ್ ತಮ್ಮ ಸಂಗಾತಿಗಳಿಗಾಗಿ ನೆಟ್ಟ ಕಲ್ಲು ಎಂದು ಈ ಲೇಖಕನ ಅಭಿಪ್ರಾಯ.

೭. ಸಮಾರೋಪ

ಮೇಲಿನ ಪರಿಶೀಲನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ವೀರನೆಂದರೆ ಮಡಿದವನು ಎಂಬ ನಮ್ಮ ಅಧ್ಯಯನದ ಚೌಕಟ್ಟು ಆಧುನಿಕ ಯುದ್ಧವನ್ನು ಅರಿಯಲು ಸಾಲದು. ಕೊಲ್ಲದೆ, ಸಾಯದೆ, ಕಂಡು ಬಂದು ಹೇಳುವುದೂ ವೀರಕಾರ್ಯವೇ. ಎರಡು, ಕಡತವು ಮನುಷ್ಯನ ಬದುಕನ್ನು ತನಗೆ ಬೇಕಾದಷ್ಟೇ ಕತ್ತರಿಸಿ ಇಟ್ಟುಕೊಳ್ಳುತ್ತದೆ. ರಂಗೂನಿನ ಹುಡುಗ, ಟೋಕಿಯೊ ಕೆಡೆಟ್, ಕ್ಯಾನ್‌ಬೆರಾ ಚಾಲಕ, ಏರ್ ಕಮೊಡೋರ್ – ಈ ನಾಲ್ವರೂ ಒಬ್ಬನೇ ಎಂದು ಹೇಳಬಲ್ಲದ್ದು ಕಥನ ಮಾತ್ರ. ಮೂರು, ಅಂಥ ಕಥನವನ್ನು ಬರೆಯಬಲ್ಲವರು ಬೆನಗಲ್ ಅವರಂತೆ ಕೆಲವರೇ. ಬಹುಜನರದು ಬಾಯಿಮಾತಿನಲ್ಲಿಯೇ ಉಳಿದು ಅವರೊಂದಿಗೆ ಹೋಗುವಂಥದು.

ಈ ಮೂರನೆಯ ಅಂಶವು ನಮ್ಮನ್ನು ಕಾರ್ಯಕ್ಕೆ ಕರೆಯುತ್ತದೆ. ಒಂದು ವಿಮಾನ ಹಾರಬೇಕಾದರೆ ನೆಲದ ಮೇಲೆ ಹಲವಾರು ಕೈಗಳು ದುಡಿಯಬೇಕು. ಎಂಜಿನ್ ನೋಡುವವರು, ಬಾಂಬು ಏರಿಸುವವರು, ಚಿತ್ರಸುರುಳಿಯನ್ನು ಕತ್ತಲೆ ಕೋಣೆಯಲ್ಲಿ ತೊಳೆಯುವವರು – ಇವರೆಲ್ಲ ಬೆಂಗಳೂರಿನ ಜಾಲಹಳ್ಳಿ, ಬೆಳಗಾವಿಯ ಸಾಂಬ್ರಾದಂಥ ತರಬೇತಿ ಕೇಂದ್ರಗಳಲ್ಲಿ ಕಲಿತು ಹೋದ ಹಳ್ಳಿಯ ಮಕ್ಕಳು. ೧೯೭೧ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಇಂದು ಎಪ್ಪತ್ತು ದಾಟಿದೆ. ಅವರಿಗೆ ಪದಕವಿಲ್ಲ, ಪ್ರಶಸ್ತಿಪತ್ರವಿಲ್ಲ, ಪುಸ್ತಕ ಬರೆಯುವ ಅಭ್ಯಾಸವೂ ಇಲ್ಲ. ಸಂಜೆ ಕಟ್ಟೆಯ ಮೇಲೆ ಕುಳಿತು ಹೇಳುವ ಮಾತುಗಳೇ ಅವರ ಗ್ರಂಥ. ಗೊರವರ ಹಾಡನ್ನು, ಮೈಲಾರದ ಕಾರಣಿಕವನ್ನು, ಕೊಟ್ಟೂರೇಶ್ವರನ ಪವಾಡಗಳನ್ನು ಶ್ರದ್ಧೆಯಿಂದ ಸಂಗ್ರಹಿಸಿದ ನಮ್ಮ ಕ್ಷೇತ್ರಕಾರ್ಯಕರ್ತರು ಈ ಕಟ್ಟೆಗಳ ಮುಂದೆಯೂ ಧ್ವನಿಮುದ್ರಣ ಯಂತ್ರವನ್ನು ಇರಿಸಬೇಕಾಗಿದೆ. ಊರಿಗೊಬ್ಬ ನಿವೃತ್ತ ಸೈನಿಕನನ್ನು, ವಾಯುಪಡೆಯ ಒಬ್ಬ ಕೆಲಸಗಾರನನ್ನು ಮಾತನಾಡಿಸಿದರೂ ಒಂದು ತಾಲ್ಲೂಕಿನ ಯುದ್ಧಸ್ಮರಣೆಯ ಸಂಪುಟ ಸಿದ್ಧವಾಗುತ್ತದೆ.

ಹನ್ನೊಂದನೆಯ ಶತಮಾನದ ದನಗಾಹಿಯ ಹೆಸರನ್ನು ಉಳಿಸಿಕೊಂಡ ನಾಡು ಇಪ್ಪತ್ತನೆಯ ಶತಮಾನದ ವಿಮಾನ ಕೆಲಸಗಾರನ ಹೆಸರನ್ನು ಕಳೆದುಕೊಳ್ಳಬಾರದು. ಅಕಾಡೆಮಿಯು ತಾಲ್ಲೂಕುವಾರು ಇಂಥ ಸಂಗ್ರಹಕಾರ್ಯವನ್ನು ಕೈಗೊಳ್ಳುವುದು ಅಗತ್ಯವಾಗಿದೆ. ತಡಮಾಡುವಷ್ಟು ಕಾಲ ಈಗ ಉಳಿದಿಲ್ಲ.